ಹಿಂಡಲಗಾದಿಂದ ಬಿಡುಗಡೆಯಾಗೋ ಹೆಣ್ಮಗಳಿಗೆ ಇರಾಕ ಜಾಗ ಎಲ್ಲೈತಿ?

ಪ್ರಶ್ನೆ: ಬೆಳಗಾವಿಯ ಹಿಂಡಲಗಾ ಜೈಲಿನ್ಯಾಗ ಒಬ್ಬಾಕಿ ಶಿಕ್ಷೆ ಹತ್ತು ದಿನದಾಗ ಮುಗೀತೈತಿ. ತವರುಮನಿ, ಗಂಡನ ಮನಿ ಎರಡೂ ಕಡೆ ಬ್ಯಾಡ ಅಂದಾರ. ಒಂಬತ್ತು ವರ್ಷದ ಮಗ ಬಾಲಮಂದಿರದಾಗ ಅದಾನ. ಆಕಿನ್ನ ಎಲ್ಲಿ ಇಡಬೇಕ್ರಿ?

ಉತ್ತರ 1: ಶಕ್ತಿ ಸದನ ಕೇಳ್ರಿ, ದಿಕ್ಕಿಲ್ಲದ ಹೆಣ್ಮಕ್ಕಳಿಗೆ ಇರಾಕ ಸರ್ಕಾರದ ಆಸರೆ ಮನಿ ಅದು. ಮೊದಲ ಸ್ವಾಧಾರ ಗೃಹ ಅಂತಿದ್ದರಲ್ಲ, 2022ರ ಮಿಷನ್ ಶಕ್ತಿ ಅನ್ನೂ ಕೇಂದ್ರ ಸರ್ಕಾರದ ಯೋಜನಿಯೊಳಗ ಅದು ಸೇರೇತಿ. ಊಟ, ವಸತಿ ಪುಕ್ಕಟೆ. ಗಂಡುಮಕ್ಕಳನ್ನ 12 ವರ್ಷದ ತನಕ ಜೋಡಿ ಇಟ್ಕೋಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಉಪನಿರ್ದೇಶಕರಿಗೆ ಅರ್ಜಿ ಈಗಲೇ ಕೊಡ್ರಿ. ಬಿಡುಗಡೆ ದಿನಾ ಹೋದ್ರ ಹಾಸಿಗಿ ಖಾಲಿ ಇರ್ತೈತಿ ಅನ್ನೂ ಖಾತ್ರಿ ಇಲ್ಲ.

ಉತ್ತರ 2: ಸಖಿ ಕೇಂದ್ರದ (ಕಷ್ಟದಾಗಿರೂ ಹೆಣ್ಮಕ್ಕಳಿಗೆ ತುರ್ತು ನೆರವು ಕೊಡೂ ಸರ್ಕಾರಿ ಕೇಂದ್ರ) ಮ್ಯಾಲೆ ಪೂರ್ತಿ ನಂಬಿ ಕೂಡಬ್ಯಾಡ್ರಿ. ಅಲ್ಲಿ 5 ದಿನ ಅಷ್ಟ ಇರಾಕ ಬರ್ತೈತಿ. ಶಕ್ತಿ ಸದನದಾಗ ಜಾಗ ಸಿಗೂ ತನಕ ನಡುವಿನ ಎರಡು-ಮೂರು ರಾತ್ರಿಗೆ ಮಾತ್ರ ಅದು, ಮಹಿಳಾ ಸಹಾಯವಾಣಿ ನಂಬರ್ 181. ಬಿಡುಗಡೆ ಸಂಜಿ ಆದ್ರ ಬಸ್‌ಸ್ಟ್ಯಾಂಡಿನಾಗ ರಾತ್ರಿ ಕಳಿಯೂ ಪ್ರಸಂಗ ಬರ್ತೈತಿ, ಅದು ಬಾಳ ಅಪಾಯ. ಗೇಟಿಗೆ ಒಬ್ಬರು ನಿಂತಿರಬೇಕ್ರಿ.

ಉತ್ತರ 3: ಹೊರಗ ಬರೂ ಮುಂದ ಆಧಾರ್, ಪಾಸ್‌ಬುಕ್, ದುಡಿದ ಕೂಲಿ ಹಣ, ಬಿಡುಗಡೆ ಪ್ರಮಾಣಪತ್ರ ಎಣಿಸಿ ತಗೋಬೇಕು. ಔಷಧಿ ಚೀಟಿ ಮರೀಬಾರದು. ಆಧಾರ್‌ನ್ಯಾಗ ಕರ್ನಾಟಕದ ವಿಳಾಸ ಇದ್ರ ಸರ್ಕಾರಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಮಗನ್ನ ತಾಯಿ ಕೈಗೆ ಕೊಡಾಕ ಮಕ್ಕಳ ಕಲ್ಯಾಣ ಸಮಿತಿ ಆದೇಶ ಬೇಕು, ಇರೂ ಜಾಗದ ಪತ್ರ ತೋರಿಸಿದ್ರ ಅದು ಹಗುರ ಆಗ್ತೈತಿ. ಪುಕ್ಕಟೆ ವಕೀಲರು ಬೇಕಾದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಹೆಣ್ಮಕ್ಕಳಿಗೆ ಆದಾಯ ಕೇಳಂಗಿಲ್ಲ. 15100ಕ್ಕ ಫೋನ್ ಮಾಡಿದ್ರೂ ನಡೀತೈತಿ.