ಸಹಾಯ ಬೇಕು: ಚಪ್ಪಲಿ ಕದಿಯುವ ನಾಯಿಮರಿಯನ್ನು ಮನೆಗೆ ತರಬೇಕು

ಎಲ್ಲರಿಗೂ ನಮಸ್ಕಾರ. ಯಲಹಂಕದಲ್ಲಿ ಒಬ್ಬ ಅಕ್ಕ ರಸ್ತೆಯಿಂದ ಕಾಪಾಡಿದ ನಾಯಿಗಳಿಗೆ ಮನೆ ಸಿಗುವವರೆಗೆ ತಮ್ಮಲ್ಲೇ ಇಟ್ಟುಕೊಂಡು ಸಾಕುತ್ತಾರೆ. ಅಲ್ಲೊಂದು ಎಂಟು ತಿಂಗಳ ಹೆಣ್ಣುಮರಿ ಇದೆ. ಅರ್ಧ ಲ್ಯಾಬ್, ಅರ್ಧ ನಮ್ಮ ಬೀದಿ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಹೋದ ಭಾನುವಾರ ನೋಡಲು ಹೋಗಿದ್ದೆ. ಹತ್ತೇ ನಿಮಿಷದಲ್ಲಿ ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಮಂಚದ ಕೆಳಗೆ ಸೇರಿತು. ವಾಪಸ್ ಕೊಡಲು ಅರ್ಧ ಚಪಾತಿ ಲಂಚ!

ರೇಬಿಸ್ ಲಸಿಕೆ ಆಗಿದೆ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ. ನಮ್ಮದು ಮೂರನೇ ಮಹಡಿಯ ಎರಡು ಬೆಡ್‌ರೂಮ್ ಮನೆ. ಓನರ್ ಒಪ್ಪಿದ್ದಾರೆ. ಅಪಾರ್ಟ್‌ಮೆಂಟ್ ಸಂಘದವರು ಮಾತ್ರ ಲಿಫ್ಟ್‌ನಲ್ಲಿ ನಾಯಿ ಬೇಡ ಅನ್ನುತ್ತಿದ್ದಾರೆ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಸಂಘಗಳು ಹಾಗೆ ತಡೆಯುವಂತಿಲ್ಲ, ಅಲ್ವಾ? ಜಗಳವಿಲ್ಲದೆ ಅದನ್ನು ತಿಳಿಸಿ ಹೇಳಿದವರು ಯಾರಾದರೂ ಇದ್ದೀರಾ?

ಇನ್ನೊಂದು ಚಿಂತೆ ನಮ್ಮ ಅತ್ತೆಯವರದು. ಅವರಿಗೆ ನಾಯಿ ಅಂದರೆ ಭಯ ಇಲ್ಲ, ಆದರೆ ಮೊಣಕಾಲು ನೋವು. ಇದು ಖುಷಿಯಾದರೆ ಎಲ್ಲರ ಮೈಮೇಲೆ ಹಾರುತ್ತದೆ. ಹಾರುವುದನ್ನು ಬಿಡಿಸುವುದು ಹೇಗೆ? ಯಲಹಂಕದ ಹತ್ತಿರ ಒಳ್ಳೆಯ ಪಶುವೈದ್ಯರು ಗೊತ್ತಿದ್ದರೆ ಅದನ್ನೂ ಹೇಳಿ. ಮುಂದಿನ ಶನಿವಾರ ಕರೆತರಬೇಕು ಅಂದುಕೊಂಡಿದ್ದೇವೆ. ಹೆಸರು ಮಗಳು ಆಗಲೇ ಇಟ್ಟಾಗಿದೆ: ಚಕ್ಕುಲಿ.