ಅಮೆರಿಕದಲ್ಲಿ ಎಂಎಸ್ ಓದುತ್ತಾ ಎಷ್ಟು ಕೆಲಸ ಮಾಡಬಹುದು? ಓದಿದವರು ಹೇಳಿದ್ದು

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಈ ಆಗಸ್ಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್‌ಗೆ ಟೆಕ್ಸಾಸ್‌ಗೆ ಹೋಗುತ್ತಿದ್ದೇನೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾ ಆಗಿದೆ. ಮನೆ ಅಡ ಇಟ್ಟು ಸಾಲ ತೆಗೆದಿದ್ದೇವೆ. ಫೀಸಿಗೆ ಸಾಕಾಗುತ್ತದೆ, ಊಟ ಬಾಡಿಗೆಗೆ ನಾನೇ ದಾರಿ ನೋಡಿಕೊಳ್ಳಬೇಕು. ಪರಿಚಯದವರೊಬ್ಬರು "ಅಲ್ಲಿಗೆ ಹೋದ ಮೊದಲ ವಾರದಲ್ಲೇ ಗ್ಯಾಸ್ ಸ್ಟೇಷನ್‌ನಲ್ಲಿ, ಅಂದರೆ ಪೆಟ್ರೋಲ್ ಬಂಕ್‌ನಲ್ಲಿ, ಕೆಲಸ ಸಿಗುತ್ತೆ, ಕ್ಯಾಶ್ ಕೊಡ್ತಾರೆ, ಯಾರೂ ಕೇಳಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಮೊದಲನೇ ವರ್ಷ ಏನೂ ಮಾಡೋ ಹಾಗೇ ಇಲ್ಲ" ಅನ್ನುತ್ತಾರೆ. ಯಾವುದು ನಿಜ? ಓದಿ ಮುಗಿಸಿದವರು, ಈಗ ಓದುತ್ತಿರುವವರು ದಯವಿಟ್ಟು ಹೇಳಿ.

ಡಲ್ಲಾಸ್ ಹತ್ತಿರ ಎಂಎಸ್ ಮುಗಿಸಿ ಅಲ್ಲೇ ಕೆಲಸದಲ್ಲಿರುವವರು

ಎರಡನೆಯವರು ಹೇಳಿದ್ದು ಅರ್ಧ ನಿಜ. ಮೊದಲನೆಯವರ ಮಾತು ಮರೆತುಬಿಡಿ.

ಮೊದಲ ವರ್ಷ ಸಾಮಾನ್ಯವಾಗಿ ಕ್ಯಾಂಪಸ್ ಹೊರಗೆ ಕೆಲಸ ಇಲ್ಲ. ಕ್ಯಾಂಪಸ್ ಒಳಗೆ ಮೊದಲ ಸೆಮಿಸ್ಟರ್‌ನಿಂದಲೇ ಮಾಡಬಹುದು. ಕ್ಲಾಸ್ ನಡೆಯುವಾಗ ವಾರಕ್ಕೆ 20 ಗಂಟೆ. ರಜೆಯಲ್ಲಿ, ಮುಂದಿನ ಸೆಮಿಸ್ಟರ್‌ಗೂ ಓದು ಮುಂದುವರಿಸುವವರಾದರೆ, ಪೂರ್ತಿ ಸಮಯ.

ಈ 20ರ ಲೆಕ್ಕದಲ್ಲೇ ಜಾಸ್ತಿ ಜನ ಎಡವುವುದು. ಅದು ಒಂದೊಂದು ಕೆಲಸಕ್ಕೆ ಬೇರೆ ಬೇರೆ ಅಲ್ಲ, ಎಲ್ಲಾ ಸೇರಿ. ಪ್ರೊಫೆಸರ್ ಹತ್ತಿರ ಟಿಎ (ಪಾಠಕ್ಕೆ ಸಹಾಯಕ) ಆಗಿ 20 ಗಂಟೆ ಇದ್ದರೆ ಲೈಬ್ರರಿಯಲ್ಲಿ ಒಂದು ಗಂಟೆಯೂ ಮಾಡುವ ಹಾಗಿಲ್ಲ. ಈ ವಾರ 25, ಮುಂದಿನ ವಾರ 15, ಸರಾಸರಿ 20 ಆಯಿತಲ್ವಾ ಅನ್ನುವುದೂ ನಡೆಯುವುದಿಲ್ಲ. ಪ್ರತಿ ವಾರಕ್ಕೂ ಲೆಕ್ಕ ಬೇರೆ. ವಾರ ಯಾವ ದಿನ ಶುರು, ಯಾವ ದಿನ ಮುಗಿಯುತ್ತದೆ ಅಂತ ನಿಮ್ಮ ಯೂನಿವರ್ಸಿಟಿಯ ಪೇರೋಲ್ ಆಫೀಸಿನಲ್ಲಿ ಕೇಳಿಕೊಳ್ಳಿ. ಮ್ಯಾನೇಜರ್ "ಇವತ್ತು ಜನ ಇಲ್ಲ, ಇನ್ನೆರಡು ಗಂಟೆ ಇರು" ಅಂದಾಗ ಇಲ್ಲ ಅನ್ನಬೇಕಾದವರು ನೀವೇ. ಅವರಿಗೆ ವೀಸಾ ನೆನಪಿರುವುದಿಲ್ಲ.

ಏನು ಕೆಲಸ ಸಿಗುತ್ತೆ? ಡೈನಿಂಗ್ ಹಾಲ್, ಲೈಬ್ರರಿ ಡೆಸ್ಕ್, ಜಿಮ್, ಐಟಿ ಹೆಲ್ಪ್‌ಡೆಸ್ಕ್, ಪೇಪರ್ ತಿದ್ದುವ ಗ್ರೇಡರ್. ಹೊಸಬರಿಗೆ ಬೇಗ ಸಿಗುವುದು ಡೈನಿಂಗ್ ಹಾಲ್. ನಾನು ಡಿಶ್ ರೂಮ್‌ನಲ್ಲಿದ್ದೆ. ಮೊಣಕೈವರೆಗೆ ರಬ್ಬರ್ ಗ್ಲೌಸ್, ಮುಖಕ್ಕೆ ಬಿಸಿ ಹಬೆ, ಬೆಲ್ಟ್ ಮೇಲೆ ತಟ್ಟೆ ಬರುತ್ತಲೇ ಇರುತ್ತವೆ. ಹೆಚ್ಚಿನವರು ತಿಂದು ಉಳಿಸಿದ್ದನ್ನು ಹಾಗೇ ಬಿಟ್ಟಿರುತ್ತಾರೆ, ಅದನ್ನು ಕೈಯಲ್ಲೇ ಬಳಿದು ಹಾಕಬೇಕು. ನಮ್ಮಲ್ಲಿ ಶಿಫ್ಟಿಗೆ ಒಂದು ಊಟ ಪುಕ್ಕಟೆ ಇತ್ತು. ಮೊದಲ ಸೆಮಿಸ್ಟರ್‌ನಲ್ಲಿ ಸಂಬಳಕ್ಕಿಂತ ಆ ಊಟವೇ ನನಗೆ ದೊಡ್ಡ ಉಳಿತಾಯ ಅನ್ನಿಸಿತ್ತು. ಬೀಫ್ ಮುಟ್ಟುವುದಿಲ್ಲ ಅನ್ನುವವರು ಇಂಟರ್‌ವ್ಯೂನಲ್ಲೇ ಹೇಳಿ. ಸಲಾಡ್ ಕೌಂಟರ್ ಕಡೆ ಹಾಕುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ಈಗಲೇ ಹಾಕಿಕೊಳ್ಳಿ. ಟೆಕ್ಸಾಸ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಕೇಂದ್ರದ ದರವೂ ಅದೇ. 20 ಗಂಟೆಗೆ 145 ಡಾಲರ್, ನಾಲ್ಕು ವಾರಕ್ಕೆ 580, ಅದೂ ತೆರಿಗೆ ಹಿಡಿಯುವ ಮುಂಚೆ. ಎಷ್ಟೋ ಕ್ಯಾಂಪಸ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಕೊಡುತ್ತಾರೆ, ಆದರೆ ಲೆಕ್ಕ ಕೆಳಗಿನಿಂದ ಹಿಡಿಯುವುದೇ ಒಳ್ಳೆಯದು. ದಿನಸಿ ಆಗುತ್ತದೆ, ರೂಮ್‌ಮೇಟ್‌ಗಳಿದ್ದರೆ ಬಾಡಿಗೆಯಲ್ಲಿ ಒಂದು ಪಾಲು ಆಗುತ್ತದೆ. ಫೀಸ್ ಆಗುವುದಿಲ್ಲ. ಟಿಎ ಅಥವಾ ಆರ್‌ಎ (ಸಂಶೋಧನೆಗೆ ಸಹಾಯಕ) ಕೆಲಸ ಸಿಕ್ಕರೆ ಮಾತು ಬೇರೆ. ಎಷ್ಟೋ ಕಡೆ ಅದರ ಜೊತೆ ಫೀಸಿನಲ್ಲೂ ರಿಯಾಯಿತಿ ಬರುತ್ತದೆ. ಎಂಎಸ್‌ನವರಿಗೆ ಅದು ಮೊದಲ ಸೆಮಿಸ್ಟರ್‌ನಲ್ಲೇ ಸಿಗುವುದು ಅಪರೂಪ.

ಓಹಾಯೋದಲ್ಲಿ ಎರಡನೇ ವರ್ಷ ಓದುತ್ತಿರುವವರು

ಕಾಗದದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಇದರ ಕ್ರಮ ತಿರುಗುಮುರುಗಾಗಿ ಎಲ್ಲರೂ ಸುಮ್ನೆ ಎರಡೆರಡು ಸಲ ಅಲೆಯುತ್ತಾರೆ.

ಸಂಬಳಕ್ಕೆ ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬೇಕು. ಆ ನಂಬರ್ ಕೇಳಲು ಮೊದಲು ಕೆಲಸ ಸಿಕ್ಕಿರಬೇಕು. ಕೆಲಸ ಕೊಟ್ಟವರಿಂದ ಒಂದು ಪತ್ರ, ಯೂನಿವರ್ಸಿಟಿಯ ಡಿಎಸ್‌ಒ ಅಂದರೆ ನಮ್ಮ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿಯಿಂದ ಒಂದು ಪತ್ರ, ಜೊತೆಗೆ ಪಾಸ್‌ಪೋರ್ಟ್, ಯೂನಿವರ್ಸಿಟಿ ಕೊಟ್ಟ ಪ್ರವೇಶದ ಕಾಗದ ಐ-20, ಅಮೆರಿಕದೊಳಗೆ ಬಂದ ದಾಖಲೆ ಐ-94. ಐ-94 ಕೈಗೆ ಯಾರೂ ಕೊಡುವುದಿಲ್ಲ, ವೆಬ್‌ಸೈಟ್‌ನಿಂದ ನೀವೇ ಪ್ರಿಂಟ್ ತೆಗೆದುಕೊಳ್ಳಬೇಕು. ಇಳಿದ ಮಾರನೇ ದಿನವೇ ಓಡಬೇಡಿ. ಹತ್ತು ದಿನ ಕಾಯಿರಿ, ಅಷ್ಟರಲ್ಲಿ ನಿಮ್ಮ ದಾಖಲೆ ಸಿಸ್ಟಮ್‌ನಲ್ಲಿ ಕೂತಿರುತ್ತದೆ. ಕಾರ್ಡ್ ಟಪಾಲಿನಲ್ಲಿ ಬರುತ್ತದೆ. ಕಾರ್ಡ್ ಬರುವ ಮುಂಚೆಯೂ ಕೆಲಸ ಶುರು ಮಾಡಬಹುದು, ಆದರೆ ಕೆಲಸ ಮಾಡಲು ಅರ್ಹತೆ ಇದೆ ಅಂತ ತೋರಿಸುವ ಐ-9 ಫಾರ್ಮ್‌ಗೆ ಮೂಲ ದಾಖಲೆ ತೋರಿಸುವುದು ಕೆಲಸ ಶುರುವಾದ ಮೂರು ಕೆಲಸದ ದಿನದೊಳಗೆ ಆಗಬೇಕು.

ನಮ್ಮ ಕಡೆಯವರಿಗೆ ಒಂದು ಮುಖ್ಯ ಮಾತು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲದೆ ಒಂದೇ ಹೆಸರು ಇದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ, ಫಸ್ಟ್ ನೇಮ್ ಅನ್‌ನೋನ್ ಅಂತ. ಆಮೇಲೆ ಬ್ಯಾಂಕಿನಲ್ಲಿ ಒಂದು, ಪೇರೋಲ್‌ನಲ್ಲಿ ಒಂದು ಹೆಸರಾಗಿ ಒದ್ದಾಟ. ನಿಮ್ಮ ಐ-20, ವೀಸಾ, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ, ಊರಿಂದ ಹೊರಡುವ ಮೊದಲೇ.

ಸಂಬಳದ ಚೀಟಿ ಬಂದಾಗ ಎರಡು ಸಾಲು ನೋಡಿ: ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್, ಅಂದರೆ ವಯಸ್ಸಾದವರ ಪಿಂಚಣಿ, ಆರೋಗ್ಯ ವಿಮೆಗೆ ಅಂತ ಹಿಡಿಯುವ ತೆರಿಗೆಗಳು. ಮೊದಲ ಐದು ಕ್ಯಾಲೆಂಡರ್ ವರ್ಷ ಎಫ್-1ನವರಿಗೆ ಸಾಮಾನ್ಯವಾಗಿ ಇವೆರಡೂ ಇಲ್ಲ. ಎರಡೂ ಸೇರಿ ಶೇ. 7.65. ಹಿಡಿದಿದ್ದರೆ ಪೇರೋಲ್‌ನವರಿಗೆ ಹೇಳಿ ವಾಪಸ್ ತೆಗೆದುಕೊಳ್ಳಿ. ಆದಾಯ ತೆರಿಗೆ ಮಾತ್ರ ಕಟ್ಟಬೇಕು, ರಿಟರ್ನ್ 1040-ಎನ್‌ಆರ್ ಫಾರ್ಮ್‌ನಲ್ಲಿ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶದ ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ಇಲ್ಲ, ಹಾಗಾಗಿ ಚೀನಾದ ರೂಮ್‌ಮೇಟ್ ತುಂಬಿದ ಹಾಗೆ ನೋಡಿ ತುಂಬಬೇಡಿ. ಒಂದು ಡಾಲರ್ ದುಡಿಯದಿದ್ದರೂ, ನೀವು ವಿದ್ಯಾರ್ಥಿ ಅಂತ ತೆರಿಗೆ ಇಲಾಖೆಗೆ ತಿಳಿಸುವ 8843 ಫಾರ್ಮ್ ಕಳಿಸಲೇಬೇಕು.

ಮತ್ತೆ ದಾವಣಗೆರೆಯವರು

ತುಂಬಾ ಥ್ಯಾಂಕ್ಸ್. ಆದರೂ ಗ್ಯಾಸ್ ಸ್ಟೇಷನ್ ವಿಷಯ ಕೇಳುತ್ತೇನೆ. ಅಣ್ಣನ ಸ್ನೇಹಿತ ಮಾಡುತ್ತಿದ್ದಾನಂತೆ, ಏನೂ ಆಗಿಲ್ಲವಂತೆ. ಇನ್ನೊಂದು, ಇಲ್ಲಿ ಬೆಂಗಳೂರಿನ ಕ್ಲೈಂಟ್ ಒಬ್ಬರಿಗೆ ವೆಬ್‌ಸೈಟ್ ಕೆಲಸ ಮಾಡಿಕೊಡುತ್ತೇನೆ. ಅಲ್ಲಿಂದ ಮುಂದುವರಿಸಬಹುದಾ? ದುಡ್ಡು ಇಲ್ಲಿನ ಬ್ಯಾಂಕಿಗೇ ಬರುತ್ತೆ.

ನ್ಯೂಜೆರ್ಸಿಯಲ್ಲಿ ನೆಲೆಸಿರುವವರು

ಬೇಡ ತಮ್ಮಾ. "ಏನೂ ಆಗಿಲ್ಲ" ಅನ್ನುವುದಕ್ಕೆ "ಇನ್ನೂ" ಸೇರಿಸಿ ಓದಿಕೋ.

ಬೇರೆ ತಪ್ಪಿಗೆ ಎಫ್-1 ವಿದ್ಯಾರ್ಥಿ ಅನ್ನುವ ಸ್ಟೇಟಸ್ ಹೋದರೆ ಸರಿಪಡಿಸಿಕೊಡಿ ಅಂತ ಅರ್ಜಿ ಹಾಕಲು ದಾರಿ ಇದೆ. ಕ್ಲಾಸ್ ಕಮ್ಮಿಯಾಯಿತು, ಹುಷಾರಿರಲಿಲ್ಲ, ಇಂಥವಕ್ಕೆಲ್ಲಾ. ಅನುಮತಿ ಇಲ್ಲದೆ ಕೆಲಸ ಮಾಡಿದವರಿಗೆ ಆ ದಾರಿ ಮುಚ್ಚಿದೆ. ಮುಂದೆ ಕೆಲಸದ ವೀಸಾ ಎಚ್-1ಬಿ, ಗ್ರೀನ್ ಕಾರ್ಡ್ ಹೊತ್ತಿಗೆ ಹಳೆಯದನ್ನೆಲ್ಲಾ ಕೆದಕುತ್ತಾರೆ.

ನಾವು ಓದುವಾಗ ನನ್ನ ರೂಮ್‌ಮೇಟ್ ಒಬ್ಬ ದೇಸಿ ಅಂಗಡಿಯಲ್ಲಿ ಕ್ಯಾಶ್‌ಗೆ ನಿಂತಿದ್ದ. ಮಾಲೀಕ ಮೊದಲು ಸರಿಯಾಗಿ ಕೊಟ್ಟ. ಆಮೇಲೆ "ಮುಂದಿನ ವಾರ" ಅನ್ನಲು ಶುರು ಮಾಡಿದ. ಕೊನೆಗೆ ಕೊಡಲೇ ಇಲ್ಲ. ಇವನು ಯಾರ ಹತ್ತಿರ ಹೋಗಿ ದೂರು ಕೊಡಬೇಕು? ಮಾಲೀಕನಿಗೂ ಅದು ಗೊತ್ತಿತ್ತು. ಕ್ಯಾಶ್ ಕೆಲಸದ ಅಸಲು ಸಂಗತಿ ಇದೇ. ಸರ್ಕಾರ ಹಿಡಿಯುವ ಮೊದಲೇ ಮಾಲೀಕನ ಕೈಗೆ ನಿನ್ನ ಜುಟ್ಟು ಸಿಕ್ಕಿರುತ್ತದೆ.

ಊಬರ್, ಊಟ ತಲುಪಿಸುವ ಡೋರ್‌ಡ್ಯಾಶ್ ಕೂಡ ಇದೇ ಲೆಕ್ಕ. ಇನ್ನೊಬ್ಬರ ಅಕೌಂಟ್‌ನಲ್ಲಿ ಓಡಿಸುವುದು ಇನ್ನೂ ಕೆಟ್ಟದ್ದು. ಬೆಂಗಳೂರಿನ ಕ್ಲೈಂಟ್ ವಿಷಯದಲ್ಲಿ, ದುಡ್ಡು ಯಾವ ಬ್ಯಾಂಕಿಗೆ ಬರುತ್ತದೆ ಅನ್ನುವುದಕ್ಕಿಂತ ನೀನು ಕೂತು ಕೆಲಸ ಮಾಡುವ ಜಾಗ ಯಾವುದು ಅನ್ನುವುದು ಮುಖ್ಯ. ಡಿಎಸ್‌ಒಗಳು ಸಾಮಾನ್ಯವಾಗಿ ಬೇಡ ಅಂತಲೇ ಹೇಳುತ್ತಾರೆ. ಹೊರಡುವ ಮೊದಲು ಕೆಲಸ ಮುಗಿಸಿ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗು. ಊರಲ್ಲಿ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಬರುತ್ತಿದ್ದರೆ ತೊಂದರೆ ಇಲ್ಲ, ಅದು ಕೆಲಸ ಅಲ್ಲ. "ಸಂಬಳ ಇಲ್ಲ, ಪುಕ್ಕಟೆ ಮಾಡ್ತೀನಿ" ಅನ್ನುವುದೂ ಬಚಾವು ಮಾಡುವುದಿಲ್ಲ. ಬೇರೆಯವರು ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನು ಕಂಪನಿಗೆ ಬಿಟ್ಟಿ ಮಾಡಿಕೊಟ್ಟರೆ ಅದು ಸೇವೆ ಅನ್ನಿಸಿಕೊಳ್ಳುವುದಿಲ್ಲ.

ಮೈಸೂರಿನಿಂದ ಒಬ್ಬ ತಾಯಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಮಗನ ಜೊತೆ ಸೊಸೆಯೂ ಹೋಗುತ್ತಿದ್ದಾಳೆ, ಹೆಂಡತಿಗೆ ಕೊಡುವ ಎಫ್-2 ವೀಸಾದಲ್ಲಿ. ಇಲ್ಲಿ ಟೀಚರ್ ಆಗಿದ್ದಳು. ಅಲ್ಲಿ ಏನಾದರೂ ಮಾಡಬಹುದೇ?

ಓಹಾಯೋದವರು

ಇಲ್ಲ ಅಮ್ಮ, ಎಫ್-2ನಲ್ಲಿ ಕೆಲಸವೇ ಇಲ್ಲ, ಕ್ಯಾಂಪಸ್ ಒಳಗೂ ಇಲ್ಲ. ಪಾರ್ಟ್ ಟೈಮ್ ಓದಬಹುದು. ಪೂರ್ತಿ ಓದಿ ಮುಂದೆ ಕೆಲಸಕ್ಕೆ ಹೋಗಬೇಕು ಅಂದರೆ ಅವರೂ ಎಫ್-1ಗೆ ಬದಲಾಯಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದಲ್ಲಿ ಸ್ಟೆಮ್ ಒಪಿಟಿ ಮೇಲಿರುವವರು

ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಮುಖ್ಯವಾಗಿ ಎರಡು ಬಾಗಿಲು: ಓದುವಾಗ ಸಿಪಿಟಿ, ಓದು ಮುಗಿದ ಮೇಲೆ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ.

ಸಿಪಿಟಿ ಅಂದರೆ ನಿಮ್ಮ ಕೋರ್ಸಿನ ಭಾಗವಾದ ಇಂಟರ್ನ್‌ಶಿಪ್. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕು. ಅಂದರೆ ಆಗಸ್ಟ್‌ನಲ್ಲಿ ಬಂದ ನಿಮಗೆ ಮುಂದಿನ ಬೇಸಿಗೆ. ಅದಕ್ಕೆ ಹುಡುಕಾಟ ಮಾತ್ರ ಬಂದ ತಿಂಗಳೇ ಶುರು. ಸೆಪ್ಟೆಂಬರ್ ಕರಿಯರ್ ಫೇರ್ ಹೊತ್ತಿಗೆ ರೆಸ್ಯೂಮೆ ಕೈಯಲ್ಲಿರಲಿ. ಸಿಪಿಟಿ ಅನುಮತಿ ಡಿಎಸ್‌ಒ ಕೊಡುತ್ತಾರೆ, ಐ-20ಯ ಎರಡನೇ ಪುಟದಲ್ಲಿ ಕಂಪನಿ ಹೆಸರು, ಶುರು ದಿನ, ಮುಗಿಯುವ ದಿನ ಅಚ್ಚಾಗಿ ಬರುತ್ತದೆ. ಆ ತಾರೀಖಿನ ಹಿಂದಿನ ದಿನ "ಸುಮ್ನೆ ಲ್ಯಾಪ್‌ಟಾಪ್ ಸೆಟಪ್" ಅಂತ ಕರೆದರೂ ಹೋಗಬೇಡಿ. ಪೂರ್ತಿ ಸಮಯದ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಡಿಗ್ರಿಯ ಒಪಿಟಿ ಹೋಯಿತು.

ಒಪಿಟಿ 12 ತಿಂಗಳು, ನಿಮ್ಮಂಥ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೋರ್ಸಿನವರಿಗೆ ಇನ್ನೂ 24. ಅರ್ಜಿಯ ತಾರೀಖು ಬಿಗಿ. ಐ-20ಯಲ್ಲಿ ಕೋರ್ಸ್ ಮುಗಿಯುವ ದಿನ ಮೇ 15 ಅಂದುಕೊಳ್ಳಿ. 90 ದಿನ ಮೊದಲು, ಅಂದರೆ ಫೆಬ್ರವರಿ 14ರಿಂದ ಅರ್ಜಿ ಹಾಕಬಹುದು. ಮುಗಿದ ಮೇಲೆ 60 ದಿನ, ಜುಲೈ 14ರೊಳಗೆ ಅರ್ಜಿ ವಲಸೆ ಇಲಾಖೆಗೆ ತಲುಪಿರಬೇಕು. ಡಿಎಸ್‌ಒ ಶಿಫಾರಸು ಹಾಕಿದ 30 ದಿನದೊಳಗೂ ಇರಬೇಕು. ಕೆಲಸದ ಅನುಮತಿಯ ಇಎಡಿ ಕಾರ್ಡ್ ಕೈಗೆ ಬಂದು, ಅದರ ಮೇಲಿನ ಶುರು ದಿನ ಬರುವವರೆಗೆ ಕೆಲಸ ಇಲ್ಲ. ಮೇ 15ರ ನಂತರ ಡೈನಿಂಗ್ ಹಾಲ್ ಕೆಲಸವೂ ಇಲ್ಲ, ಆ ಮಧ್ಯದ ಬಾಡಿಗೆಗೆ ದುಡ್ಡು ಎತ್ತಿಟ್ಟಿರಿ.

ಶುರು ದಿನದಿಂದ ಕೆಲಸವಿಲ್ಲದ ದಿನಗಳ ಲೆಕ್ಕ ನಡೆಯುತ್ತದೆ. ಒಟ್ಟು 90 ದಿನ ಮೀರಬಾರದು, ಶನಿವಾರ ಭಾನುವಾರವೂ ಸೇರಿ. ಸ್ಟೆಮ್‌ಗೆ ಹೋದ ಮೇಲೆ ಇನ್ನೊಂದು 60 ಸೇರಿ ಒಟ್ಟು 150. ಆಫರ್ ಇಲ್ಲದವರು ಶುರು ದಿನವನ್ನು ಆದಷ್ಟು ತಡವಾಗಿ ಆರಿಸಿಕೊಳ್ಳುವುದು ಇದಕ್ಕೇ. ಸ್ಟೆಮ್‌ಗೆ ಕಂಪನಿ ಇ-ವೆರಿಫೈ ಅನ್ನುವ ಸರ್ಕಾರಿ ಪರಿಶೀಲನಾ ವ್ಯವಸ್ಥೆಯಲ್ಲಿರಬೇಕು, ಐ-983 ಅನ್ನುವ ತರಬೇತಿ ಯೋಜನೆಗೆ ಸಹಿ ಹಾಕಬೇಕು. ಆಫರ್ ಒಪ್ಪಿಕೊಳ್ಳುವ ಮುಂಚೆ ಇವೆರಡನ್ನು ಎಚ್‌ಆರ್ ಹತ್ತಿರ ಕೇಳಿ.

"ಸೇರಿದ ದಿನದಿಂದಲೇ ಸಿಪಿಟಿ, ಕ್ಲಾಸಿಗೆ ಬರಬೇಕಾಗಿಲ್ಲ" ಅನ್ನುವ ಕಾಲೇಜುಗಳ ಜಾಹೀರಾತು ನಿಮಗೂ ಬರುತ್ತದೆ. ಕೆಲವು ಮಾಸ್ಟರ್ಸ್ ಕೋರ್ಸುಗಳಲ್ಲಿ ಮೊದಲ ದಿನದಿಂದ ಸಿಪಿಟಿಗೆ ನಿಯಮವೇ ಜಾಗ ಕೊಟ್ಟಿದೆ, ನಿಜ. ಕ್ಲಾಸೇ ಇಲ್ಲ ಅಂದರೆ ಮಾತ್ರ ಓಡಿಹೋಗಿ. 2019ರಲ್ಲಿ ಮಿಷಿಗನ್‌ನ "ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್" ಪ್ರಕರಣದಲ್ಲಿ ಆ ಯೂನಿವರ್ಸಿಟಿಯನ್ನೇ ವಲಸೆ ಇಲಾಖೆಯವರು ಬಲೆಯಾಗಿ ಹೂಡಿದ್ದರು. ಸಿಕ್ಕಿಬಿದ್ದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತೀಯರೇ.

ದಾವಣಗೆರೆಯವರು

ಕ್ಲೈಂಟ್‌ಗೆ ಇವತ್ತೇ ಫೋನ್ ಮಾಡುತ್ತೇನೆ. ಕೊನೆಯದು: ಟಿಕೆಟ್ ಯಾವಾಗಕ್ಕೆ ತೆಗೆಯಲಿ?

ಡಲ್ಲಾಸ್‌ನವರು

ಐ-20ಯ ಶುರು ದಿನಕ್ಕೆ 30 ದಿನ ಮೊದಲಿನಿಂದ ಒಳಗೆ ಬಿಡುತ್ತಾರೆ. ಕ್ಯಾಂಪಸ್ ಕೆಲಸವೂ ಅಷ್ಟೇ ಮೊದಲು ಶುರು ಮಾಡಬಹುದು. ಆಗಸ್ಟ್ ಮೊದಲ ವಾರ ಡೈನಿಂಗ್ ಹಾಲ್ ಮ್ಯಾನೇಜರ್‌ಗಳು ಜನ ಸಿಕ್ಕರೆ ಸಾಕು ಅಂತ ಕಾಯುತ್ತಿರುತ್ತಾರೆ, ಎಲ್ಲರೂ ಬಂದಿಳಿದ ಮೇಲೆ ಸಾಲು ಉದ್ದ. ಎರಡು ಮೂರು ವಾರ ಮೊದಲು ಬನ್ನಿ. ಅಡುಗೆಮನೆಗೆ ಜಾರದ ಕಪ್ಪು ಶೂ ಕೇಳುತ್ತಾರೆ. ಅದನ್ನು ಅಲ್ಲಿಂದ ಹೊತ್ತು ತರಬೇಡಿ, ಇಲ್ಲೇ ವಾಲ್‌ಮಾರ್ಟ್‌ನಲ್ಲಿ ತೆಗೆದುಕೊಂಡರೆ ಆಯಿತು. ಸೂಟ್‌ಕೇಸಿನ ಆ ಜಾಗಕ್ಕೆ ಒಂದು ಪುಟ್ಟ ಕುಕ್ಕರ್ ಹಾಕಿ.