ಉಡುಪಿ-ಚಿಕ್ಕಮಗಳೂರು ಕ್ಷೇತ್ರ: ತಹಶೀಲ್ದಾರರನ್ನು ಕೇಳಿ

ಅಡ್ಮಿನ್: ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಹಶೀಲ್ದಾರರೊಬ್ಬರು ಇವತ್ತು ನಮ್ಮ ಗುಂಪಿನಲ್ಲಿದ್ದಾರೆ. ಲೋಕಸಭಾ ಕ್ಷೇತ್ರದ ಗಡಿ, ಇತಿಹಾಸ, ಮತದಾರರ ಪಟ್ಟಿ, ಏನಿದ್ದರೂ ಕೇಳಿ. ಪಕ್ಷದ ಜಗಳ ಬೇಡ.

ವಂಡ್ಸೆಯವ: ಸರ್, ನನ್ನದು ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ. ಆದರೆ ಎಂಪಿ ಶಿವಮೊಗ್ಗದವರು. ಇದು ಯಾವ ನ್ಯಾಯ?

ತಹಶೀಲ್ದಾರ್: ನಿಮ್ಮದು ಬೈಂದೂರು ವಿಧಾನಸಭಾ ಕ್ಷೇತ್ರ, ಅದಕ್ಕೆ. ತಾಲ್ಲೂಕಿನ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರ. ಒಂದಕ್ಕೆ ಎಂಟು. ಒಂದು ವಿಧಾನಸಭಾ ಕ್ಷೇತ್ರವನ್ನು ಒಡೆದು ಎರಡು ಲೋಕಸಭೆಗೆ ಹಂಚುವಂತಿಲ್ಲ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಉಡುಪಿ ಜಿಲ್ಲೆಗೆ ಐದು, ಚಿಕ್ಕಮಗಳೂರಿಗೆ ಐದು ಉಳಿದವು. ಹತ್ತರಲ್ಲಿ ಎರಡು ಹೊರಗೆ ಹೋಗಲೇಬೇಕು. ಉತ್ತರದ ತುದಿಯ ಬೈಂದೂರು ಶಿವಮೊಗ್ಗಕ್ಕೆ ಹೋಯಿತು, ಪೂರ್ವದ ಕಡೂರು ಹಾಸನಕ್ಕೆ. ಉಳಿದದ್ದು ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ.

ಕಡೂರು ಗೆಳೆಯ: ನಮ್ಮನ್ನು ಹಾಸನಕ್ಕೆ ತಳ್ಳಿದ್ದು ಪಕ್ಕಾ ರಾಜಕೀಯ ಸರ್.

ತಹಶೀಲ್ದಾರ್: ಹಾಸನದ ನಂಟು ಹೊಸದಲ್ಲ. 1952ರಲ್ಲಿ 'ಹಾಸನ ಚಿಕ್ಕಮಗಳೂರು' ಅಂತಲೇ ಒಂದು ಕ್ಷೇತ್ರ ಇತ್ತು.

ಸಂಚಿಕೆ ಸಂಪಾದಕಿ: ನಮ್ಮ ಸಂಘದ ಸ್ಮರಣ ಸಂಚಿಕೆಗೆ 'ಉಡುಪಿ-ಚಿಕ್ಕಮಗಳೂರಿನ ಸಂಸದರು' ಎಂಬ ಪಟ್ಟಿ ಮಾಡಿದ್ದೇವೆ. ಶ್ರೀನಿವಾಸ ಮಲ್ಯ, ಟಿ.ಎ. ಪೈ, ಇಂದಿರಾ ಗಾಂಧಿ, ಆಸ್ಕರ್ ಫರ್ನಾಂಡಿಸ್, ಶ್ರೀಕಂಠಪ್ಪ, ಶೋಭಾ... ಹೀಗೆ ಒಂದೇ ಸಾಲು. ಸರಿ ಇದೆಯಾ?

ತಹಶೀಲ್ದಾರ್: ದಯವಿಟ್ಟು ಅಚ್ಚಿಗೆ ಕಳಿಸಬೇಡಿ. ಈ ತಪ್ಪು ಎಲ್ಲೆಲ್ಲೂ ಓಡಾಡುತ್ತಿದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಕ್ಷೇತ್ರದ ಮೊದಲ ಚುನಾವಣೆ ನಡೆದದ್ದು 2009ರಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಎರಡು ಬೇರೆ ಕ್ಷೇತ್ರ. ಪಟ್ಟಿಯೂ ಎರಡಾಗಬೇಕು, ಮೂರನೆಯದು 2009ರಿಂದ.

ಉಡುಪಿ: ಮಲ್ಯರು 1957 ಮತ್ತು 1962ರಲ್ಲಿ. 1967ರಲ್ಲಿ ಸ್ವತಂತ್ರ ಪಕ್ಷದ ಲೋಬೊ ಪ್ರಭು. 1971ರಲ್ಲಿ ರಂಗನಾಥ ಶೆಣೈ, 1977ರಲ್ಲಿ ಟಿ.ಎ. ಪೈ. 1980ರಿಂದ 1996ರವರೆಗೆ ಸತತ ಐದು ಚುನಾವಣೆ ಆಸ್ಕರ್. 1998ರಲ್ಲಿ ಅವರನ್ನು ಸೋಲಿಸಿದ್ದು ಐ.ಎಂ. ಜಯರಾಮ ಶೆಟ್ಟಿ. ಆಮೇಲೆ 1999ರಲ್ಲಿ ವಿನಯ ಕುಮಾರ್ ಸೊರಕೆ, 2004ರಲ್ಲಿ ಮನೋರಮಾ ಮಧ್ವರಾಜ್.

ಚಿಕ್ಕಮಗಳೂರು: ಇಲ್ಲೇ ಇಂದಿರಾ ಬರುವುದು. 1977ರಲ್ಲಿ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. 1978ರ ನವೆಂಬರ್‌ನಲ್ಲಿ ಉಪಚುನಾವಣೆ. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಮಾಜಿ ಮುಖ್ಯಮಂತ್ರಿ. ಇಂದಿರಾ 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದರು. ಗೆದ್ದು ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 19ರಂದು ಹಕ್ಕುಚ್ಯುತಿ ಆರೋಪದ ಮೇಲೆ ಲೋಕಸಭೆ ಅವರನ್ನು ಹೊರಹಾಕಿತು, ಜೈಲಿಗೂ ಕಳಿಸಿತು. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು. ಇಷ್ಟು ದೊಡ್ಡ ಗಲಾಟೆಯನ್ನು ನೀವು ಒಂದು ಹೆಸರಿನಲ್ಲಿ ಮುಗಿಸಿದ್ದೀರಿ! 1980ರಲ್ಲಿ ಅವರು ಇಲ್ಲಿ ನಿಲ್ಲಲಿಲ್ಲ. ರಾಯ್‌ಬರೇಲಿ, ಮೇದಕ್ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಚಿಕ್ಕಮಗಳೂರಿನಲ್ಲಿ ಆಮೇಲೆ ಪುಟ್ಟೇಗೌಡ, ತಾರಾದೇವಿ, ಬಿ.ಎಲ್. ಶಂಕರ್, 1998ರಿಂದ ಮೂರು ಸಲ ಡಿ.ಸಿ. ಶ್ರೀಕಂಠಪ್ಪ.

ಕೂಡಿಸಿದ ಕ್ಷೇತ್ರ: 2009 ಸದಾನಂದಗೌಡ. ಅವರು ಮುಖ್ಯಮಂತ್ರಿಯಾದ ಮೇಲೆ 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆ. 2014, 2019 ಶೋಭಾ ಕರಂದ್ಲಾಜೆ. 2024 ಕೋಟ ಶ್ರೀನಿವಾಸ ಪೂಜಾರಿ.

ಕೊಪ್ಪದ ಕಾಫಿ: ನೋಡಿದಿರಾ? 2009ರಿಂದ ಘಟ್ಟದ ಮೇಲಿನವರು ಒಬ್ಬರಾದರೂ ಇದ್ದಾರಾ? ಹೆಸರಿಗಷ್ಟೇ ಚಿಕ್ಕಮಗಳೂರು.

ಮಲ್ಪೆ ಬೀಚ್: ಸದಾನಂದಗೌಡರು ಸುಳ್ಯದವರು, ಶೋಭಾ ಪುತ್ತೂರು ಕಡೆಯವರು. ನಮ್ಮ ಜಿಲ್ಲೆಯವರೂ ಅಲ್ಲ. ನಾವು ಅತ್ತೆವಾ?

ಕೊಪ್ಪದ ಕಾಫಿ: ಕರಾವಳಿಯವರು ತಾನೇ. ಆನೆ ಕಾಟ, ಅಡಿಕೆ ರೋಗ ಅಂದರೆ ಅವರಿಗೆ ಏನು ಗೊತ್ತು?

ಮಲ್ಪೆ ಬೀಚ್: ಅಡಿಕೆ ಇಲ್ಲೂ ಬೆಳೆಯುತ್ತದೆ ಮಾರಾಯ್ರೆ. ಸ್ವಲ್ಪ ಘಟ್ಟ ಇಳಿದು ನೋಡಿ.

ಬೈಂದೂರು ಬಾಯ್: ಸರ್, ಬೈಂದೂರು ಯಾಕೆ ಶಿವಮೊಗ್ಗಕ್ಕೆ ಸೇರಿದೆ?

ತಹಶೀಲ್ದಾರ್: ಮೇಲೆ ಓದಿ.

ತರೀಕೆರೆ ಅಕ್ಕ: ಈ ಮೆಸೇಜ್ ನಿಜಾನಾ? "ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ಟೆಂಡರ್ ವೋಟ್ ಶೇ 14 ದಾಟಿದರೆ ಮರುಮತದಾನ. ಎಲ್ಲರಿಗೂ ಕಳಿಸಿ."

ತಹಶೀಲ್ದಾರ್: ಸುಳ್ಳು. ಪ್ರತಿ ಚುನಾವಣೆಗೂ ಇದೇ ಕಸ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ, ಆಧಾರ್ ಅಲ್ಲ, ಪಾಸ್‌ಪೋರ್ಟ್ ತೋರಿಸಿದರೂ ಇಲ್ಲ. ಚಾಲೆಂಜ್ ಮಾಡುವುದು ಮತಗಟ್ಟೆಯಲ್ಲಿ ಕೂತ ಅಭ್ಯರ್ಥಿಯ ಏಜೆಂಟ್, ನಿಮ್ಮ ಗುರುತಿನ ಬಗ್ಗೆ ಅನುಮಾನ ಬಂದಾಗ, ಎರಡು ರೂಪಾಯಿ ಠೇವಣಿ ಇಟ್ಟು. ನಿಮ್ಮ ಹೆಸರಲ್ಲಿ ಬೇರೆಯವರು ಮೊದಲೇ ಮತ ಹಾಕಿದ್ದರೆ ಟೆಂಡರ್ ಮತಪತ್ರ ಕೊಡುತ್ತಾರೆ. ಶೇ 14ರ ನಿಯಮ ಎಲ್ಲೂ ಇಲ್ಲ. ಇದನ್ನು ನಂಬಿ ಮತಗಟ್ಟೆಯಲ್ಲಿ ಸಿಬ್ಬಂದಿ ಮೇಲೆ ಕೂಗಾಡುವವರನ್ನು ನೋಡಿ ಸಾಕಾಗಿದೆ. ಫಾರ್ವರ್ಡ್ ಮಾಡುವ ಬದಲು ಈಗಲೇ ಪಟ್ಟಿಯಲ್ಲಿ ಹೆಸರು ನೋಡಿ. 1950ಕ್ಕೆ ಫೋನ್ ಮಾಡಿ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾದರೆ ಫಾರ್ಮ್ 8.

ಮಣಿಪಾಲ ಸೊಸೆ: ನನ್ನ ಹೆಸರು ತವರು ಕಡೂರಿನಲ್ಲೂ ಇದೆ, ಇಲ್ಲೂ ಇದೆ. ಎರಡು ಬೇರೆ ಬೇರೆ ಲೋಕಸಭೆ, ಹಾಗಾಗಿ ತೊಂದರೆ ಇಲ್ಲ ಅಂತ ಭಾವ ಹೇಳುತ್ತಾರೆ.

ತಹಶೀಲ್ದಾರ್: ಭಾವನ ಮಾತು ಕೇಳಬೇಡಿ. ಎರಡು ಕಡೆ ಹೆಸರು ಇರುವಂತಿಲ್ಲ. ಬೇರೆ ಕಡೆ ಹೆಸರಿಲ್ಲ ಅಂತ ಅರ್ಜಿಯಲ್ಲಿ ಸುಳ್ಳು ಬರೆದಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಫಾರ್ಮ್ 7 ಕೊಟ್ಟು ಕಡೂರಿನ ಹೆಸರು ತೆಗೆಸಿ. ಈ ವಾರವೇ ಮಾಡಿ.

ಕಡೂರು ಗೆಳೆಯ: ಮುಂದಿನ ವಿಂಗಡಣೆಯಲ್ಲಿ ನಾವು ವಾಪಸ್ ಬರುತ್ತೇವಾ ಸರ್?

ಕೊಪ್ಪದ ಕಾಫಿ: ಬಂದು ಏನು ಮಾಡ್ತೀರಿ? ಎಂಪಿ ಮತ್ತೆ ಕರಾವಳಿಯವರೇ.

ಮಲ್ಪೆ ಬೀಚ್: ಸೋತವರ ಹಾಡು ಶುರು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಸಲ ಬರೆದರೆ ಗುಂಪಿನಿಂದ ತೆಗೆಯುತ್ತೇನೆ.

ಶೃಂಗೇರಿ ಶಾಲೆ: ಬೈಂದೂರು ಯಾಕೆ ಶಿವಮೊಗ್ಗದಲ್ಲಿದೆ ಅಂತ ಯಾರಾದರೂ ಹೇಳಿ.

ತಹಶೀಲ್ದಾರ್: ಮೇಲೆ. ಓದಿ.

ಸಂಚಿಕೆ ಸಂಪಾದಕಿ: ಸರ್, ಮೂರು ಪಟ್ಟಿ ಮಾಡಿದೆ. 1952ರದ್ದು ಎಲ್ಲಿ ಹಾಕಲಿ?

ತಹಶೀಲ್ದಾರ್: ಹಾಸನ ಚಿಕ್ಕಮಗಳೂರು, ಎಚ್. ಸಿದ್ದನಂಜಪ್ಪ, ಇದು ಚಿಕ್ಕಮಗಳೂರು ಪಟ್ಟಿಯ ಮೇಲೆ ಪ್ರತ್ಯೇಕ ಸಾಲು. ಉಡುಪಿ ಕಡೆ ಆಗ ಮದ್ರಾಸ್ ರಾಜ್ಯ, ಕ್ಷೇತ್ರದ ಹೆಸರು ದಕ್ಷಿಣ ಕನ್ನಡ ಉತ್ತರ, ಸಂಸದರು ಮಲ್ಯರೇ. ಅದೂ ಪ್ರತ್ಯೇಕ ಸಾಲು. ಅಚ್ಚಿಗೆ ಹೋಗುವ ಮುಂಚೆ ಕರಡು ನನಗೆ ಕಳಿಸಿ, ಗುಂಪಿಗೆ ಬೇಡ.